ತಪಾಸಣೆ ಕಾರ್ಡು

ಬೋರ್ಡಿನ ಮೇಲಿನ ಸಾಲು ಹಾಗೇ ಉಳಿಯಿತು: ‘ಹೊಚೆವಾರ್ ಮತ್ತು ಮಗಳು’.
ಕೆಳಗಿನ ‘ಬೂಟು ರಿಪೇರಿ’ಗೆ ಮಾತ್ರ ಒಂದು ಕೈ ಬಿಳಿ ಬಳಿದು
ವೀಡಾ ಬರೆಸಿದಳು: ‘ಫಿಲ್ಮ್’.
ಮಳೆ ಬಿದ್ದಾಗಲೆಲ್ಲ ಬಿಳಿಯೊಳಗಿಂದ
ಬೂಟು ಇಣುಕುತ್ತಿತ್ತು.

ಕ್ಲೀವ್‌ಲ್ಯಾಂಡ್, ಸೇಂಟ್ ಕ್ಲೇರ್ ರಸ್ತೆ, ಬೇಕರಿಯ ಪಕ್ಕ.
ಎಪ್ಪತ್ತೊಂದರಲ್ಲಿ ಕೆಲಸ ಕೇಳಿಕೊಂಡು ಹೋದೆ.
‘ಸಿನಿಮಾ ನೋಡ್ತೀಯಾ?’ ‘ಇಲ್ಲ.’
‘ಒಳ್ಳೆಯದಾಯ್ತು. ಕೈ ತೋರಿಸು.’
ತಿರುಗಿಸಿ ತಿರುಗಿಸಿ ನೋಡಿದಳು,
ಅಪ್ಪ ಚರ್ಮ ನೋಡುತ್ತಿದ್ದನಂತೆ ಹಾಗೆ.

ಕೆಲಸ ಇಷ್ಟು: ಬಾಡಿಗೆಗೆ ಹೋದ ಚಿತ್ರ ಮರಳಿದಾಗ
ಚಕ್ರದಿಂದ ಚಕ್ರಕ್ಕೆ ಸುತ್ತುತ್ತ
ಅಂಚನ್ನು ಎರಡು ಬೆರಳ ನಡುವೆ ಹಾಯಿಸಬೇಕು.
ಹರಿದಲ್ಲಿ ಬೆರಳು ತಾನೇ ನಿಲ್ಲುತ್ತದೆ.
ಅಂಟಿಸು. ಕಾರ್ಡಿಗೆ ಬರೆ.
ಕಣ್ಣಿಗೆ ಕೆಲಸವಿಲ್ಲ.
ಹೀಗೆ ನಾನೂರು ಚಿತ್ರಗಳನ್ನು
ಒಂದನ್ನೂ ನೋಡದೆ ಬಲ್ಲೆ.

ಯಾರಿಗೂ ಬೇಡದ್ದೇ ನಮ್ಮ ಸರಕು.
ಉಪ್ಪು ತೆಗೆಯುವವರ ಮೇಲೊಂದು, ಐವತ್ತೆರಡು ನಿಮಿಷ,
ಮಾತು ಎರಡೇ ಸಾಲು,
ಹಕ್ಕು ಮುನ್ನೂರು ಡಾಲರ್, ಅದೂ ಕಂತಿನಲ್ಲಿ.
ಚರ್ಚಿನ ನೆಲಮಾಳಿಗೆಗೆ, ಉಕ್ಕು ಕಾರ್ಮಿಕರ ಸಂಘಕ್ಕೆ
ತಗಡಿನ ಡಬ್ಬಿಯಲ್ಲಿ ಬಸ್ಸೇರಿ ಹೋಗುತ್ತಿದ್ದವು,
ತವರಿಗೆ ಹೋದವರಂತೆ ತಡಮಾಡಿ ಬರುತ್ತಿದ್ದವು.

ಟೊಲೀಡೋ ಕಾಲೇಜು, ಎಪ್ಪತ್ತಮೂರು. ನನ್ನದೇ ಅಕ್ಷರ:
‘ಎರಡನೇ ರೀಲು. ನಾಲ್ಕು ಅಡಿ ಇಲ್ಲ.
ಹರಿದದ್ದಲ್ಲ. ಕತ್ತರಿ.’
ದಂಡ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಆಮೇಲೆ ವಿಡಿಯೊ.
ಹನ್ನೆರಡು ಯಂತ್ರ ಸಾಲಾಗಿಟ್ಟು ರಾತ್ರಿಯೆಲ್ಲ ನಕಲು;
ಪಕ್ಕದವರು ಬ್ರೆಡ್ಡು ತೆಗೆಯುವ ಹೊತ್ತಿಗೆ
ನಮ್ಮ ಕ್ಯಾಸೆಟ್ಟೂ ಬಿಸಿಬಿಸಿ.
ಎಂಬತ್ತೆಂಟರಲ್ಲಿ, ಊರೂರಿಗೂ ಅಂಗಡಿಯಿದ್ದ ಕಂಪನಿಯವನೊಬ್ಬ
ಟೈ ಕಟ್ಟಿಕೊಂಡು ಬಂದ. ಉಪ್ಪಿನ ಚಿತ್ರ, ನಾಲ್ಕು ಸಾವಿರ ಪ್ರತಿ.
ಒಂದೇ ಷರತ್ತು, ಕವರಿನ ಮೇಲೆ ಈಜುಡುಪಿನ ಹುಡುಗಿ.
‘ಚಿತ್ರದಲ್ಲಿ ಅಂಥ ಹುಡುಗಿ ಇಲ್ಲ.’
‘ಸಮುದ್ರ ಇದೆಯಲ್ಲ.’
ಆ ರಾತ್ರಿ ವೀಡಾ ಬಾಡಿಗೆ ಚೀಟಿ, ಕರೆಂಟು ಬಿಲ್ಲು, ನನ್ನ ಸಂಬಳದ ಲಕೋಟೆ
ಮೂರನ್ನೂ ಇಸ್ಪೀಟೆಲೆಯಂತೆ ಹರಡಿಕೊಂಡು ಕೂತಳು.
ಬೆಳಿಗ್ಗೆ ಹೂಂ ಅಂದಳು.

ಮಾರದ್ದು ಮರಳುತ್ತದೆ; ಒಪ್ಪಂದದ ಸಣ್ಣಕ್ಷರ ಅದು.
ಮೂರು ಸಾವಿರದ ಇನ್ನೂರು ಹುಡುಗಿಯರು ಲಾರಿಯಿಂದಿಳಿದರು.
ಮೆಟ್ಟಿಲ ಮೇಲೆ, ಬಚ್ಚಲಲ್ಲಿ, ನನ್ನ ಕುರ್ಚಿಯಡಿ
ಅದೇ ನಗೆ, ಅದೇ ನಗೆ.
ಸಾಲ ತೀರಲು ಒಂಬತ್ತು ವರ್ಷ.

ಆಗಲೂ ಆ ಚಿತ್ರ ತೆಗೆದವನ ವಿಧವೆಗೆ, ಪಿರಾನ್ ಎಂಬ ಊರಿಗೆ,
ಆರು ತಿಂಗಳಿಗೊಮ್ಮೆ ಚೆಕ್ಕು:
ಹನ್ನೊಂದು ಡಾಲರ್ ನಲವತ್ತು ಸೆಂಟ್.
‘ಬಿಡಬಾರದೆ ಇದನ್ನ?’ ಅಂದೆ ಒಮ್ಮೆ.
‘ಅವಳ ಉಪ್ಪು ತಿಂದಿದ್ದೇವೆ, ಲುರೀನ್.’

ಎರಡು ಸಾವಿರದ ನಾಲ್ಕು. ಒಂದು ಲಕೋಟೆ.
ಕಳಿಸಿದವರ ಹೆಸರಿಲ್ಲ. ಒಳಗೆ ಸುರುಳಿಸುತ್ತಿದ ನಾಲ್ಕು ಅಡಿ.
ವೀಡಾ ಲೆಕ್ಕದ ಯಂತ್ರ ಎಳೆದುಕೊಂಡಳು:
ದಿನಕ್ಕೆ ಹದಿನೈದರಂತೆ ಮೂವತ್ತೊಂದು ವರ್ಷ,
ಅಧಿಕ ವರ್ಷದ ದಿನಗಳನ್ನು ಉದಾರವಾಗಿ ಬಿಟ್ಟು,
ಒಂದು ಲಕ್ಷದ ಅರವತ್ತೊಂಬತ್ತು ಸಾವಿರದ ಏಳುನೂರ ಇಪ್ಪತ್ತೈದು.
ನಗಲು ಹೋಗಿ ಕೆಮ್ಮಿದಳು.

ಅವತ್ತು ಮೊದಲ ಸಲ ಕಿಟಕಿಗೆ ಹಿಡಿದು ನೋಡಿದೆ.
ನೂರರವತ್ತು ಚೌಕ, ಆರೂವರೆ ಸೆಕೆಂಡು:
ಒಬ್ಬಳು ಗೋರೆಮಣೆ ಕೆಳಗಿಟ್ಟು
ಮೊಣಕೈಯಿಂದ ಹಣೆ ಒರೆಸಿಕೊಳ್ಳುತ್ತಾಳೆ,
ಆಮೇಲೆ ಈ ಕಡೆ ನೋಡುತ್ತಾಳೆ.
ಇಷ್ಟಕ್ಕೇ ಒಬ್ಬ ಕತ್ತರಿ ಎತ್ತಿದ್ದ.

ಸೇರಿಸಲು ಹೋದೆ. ಕೂಡಲಿಲ್ಲ.
ಡಬ್ಬಿಯಲ್ಲಿದ್ದದ್ದು ಹುಳಿವಾಸನೆ ಹಿಡಿದು ಕುಗ್ಗಿತ್ತು;
ಕದ್ದದ್ದು, ಯಾರದೋ ಪುಸ್ತಕದೊಳಗೆ, ಕುಗ್ಗಿರಲಿಲ್ಲ.
ತೂತಿಗೆ ತೂತು ಹೊಂದಲೇ ಇಲ್ಲ.

ವಿಶ್ವವಿದ್ಯಾಲಯದ ವ್ಯಾನು ಬರುವಾಗ ವೀಡಾ ಇರಲಿಲ್ಲ.
ಡಬ್ಬಿಗಳನ್ನೆಲ್ಲ ಎಣಿಸಿ ಒಯ್ದ ಹುಡುಗ
ಕಾರ್ಡುಗಳನ್ನು ಕಂಡು, ‘ಇವು ಸಿನಿಮಾ ಅಲ್ಲವಲ್ಲ’ ಅಂದ.
ಅಲ್ಲ.
ನಮ್ಮ ಮನೆಯಲ್ಲಿವೆ, ಅವಳಪ್ಪನ ಬೂಟಿನ ಪೆಟ್ಟಿಗೆಗಳಲ್ಲಿ.
ಉಪ್ಪಿನ ಚಿತ್ರದ ಕಾರ್ಡಿಗೆ ಕೊನೆಯ ಸಾಲು ಅವಳೇ ಬರೆದದ್ದು:
‘ನಾಲ್ಕು ಅಡಿ ಬಂತು. ಸೇರಲಿಲ್ಲ. ಲುರೀನ್ ಹತ್ತಿರ ಇದೆ.
ದಂಡ: ಬಾಕಿ.’